ವಿಷದ ಶಂಖ ತೇಯ್ದ ನಾಲ್ಕು ದಿನ

ಮೊನ್ನೆ ನಮ್ಮ ಓಣಿಯಲ್ಲಿ ಒಬ್ಬರು ಹೊಸ ಕಪಾಟು ಮಾಡಿಸಿದರು. ಬಡಗಿ ಪ್ಲೈವುಡ್ ಹಲಗೆಗಳನ್ನು ನಮ್ಮ ಕಟ್ಟೆಗೆ ಒರಗಿಸಿ ಕೊಯ್ಯುತ್ತಿದ್ದ. ಹೊಸ ಪ್ಲೈವುಡ್ಡಿಗೆ ಒಂದು ವಾಸನೆ ಇರುತ್ತದೆ, ನೀವೂ ಕಂಡಿರಬಹುದು. ಮೂಗಿಗಿಂತ ಮೊದಲು ಕಣ್ಣಿಗೆ ತಾಗುವ ವಾಸನೆ. ಚಹಾದ ಕಪ್ಪು ಹಿಡಿದು ಹೊರಗೆ ಬಂದವನು ನಿಂತಲ್ಲೇ ಕಣ್ಣೀರು ಸುರಿಸತೊಡಗಿದೆ. "ಕಣ್ಣಾಗ ಧೂಳ ಬಿತ್ತೇನ್ರಿ ಕಾಕಾ?" ಎಂದ ಬಡಗಿ. ಹೌದಪ್ಪ ಎಂದೆ. ಧೂಳಲ್ಲ, ಅದು ಸತ್ತ ಜೀವಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನ ವಾಸನೆ. ಮೂವತ್ತೊಂದು ವರ್ಷ ಆ ವಾಸನೆಯಲ್ಲೇ ಬುತ್ತಿ ಬಿಚ್ಚಿ ಉಂಡವನು ನಾನು.

ಬೈಲಹೊಂಗಲದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದೆ. ಅಪ್ಪ ಇಟ್ಟ ಹೆಸರು ದಾನಿಯೇಲ. ಪ್ರವಾದಿಯ ಹೆಸರು ಬೈಲಹೊಂಗಲದ ಬಾಯಲ್ಲಿ ಒಂದು ವಾರವೂ ತಾಳಲಿಲ್ಲ, ದಾನಪ್ಪ ಆಯಿತು. ಕಟ್ಟಡದ ಹಿಂದಿನ ಮೂಲೆಯ ಕೋಣೆಯಲ್ಲಿ ಮ್ಯೂಸಿಯಂ. ಗಾಜಿನ ಭರಣಿಗಳನ್ನು ಒರೆಸುವುದು, ಕಡಿಮೆಯಾದ ದ್ರಾವಣ ತುಂಬುವುದು, ಅಳಿಸಿಹೋದ ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಕಿಟಕಿ ತೆರೆದರೆ ಮಾರ್ಕೆಟ್ ಯಾರ್ಡಿಗೆ ಹೋಗುವ ಹತ್ತಿ ಗಾಡಿಗಳು, ಮುಚ್ಚಿದರೆ ಸಮುದ್ರ. ಯಾವ ಕಾಲದ ಯಾವ ಪ್ರೊಫೆಸರರೋ ಕಾರವಾರದ ಕಡೆಯಿಂದ ತಂದು ಕೂಡಿಸಿದ ಜೀವಿಗಳು. ಕಡಲಹಾವು, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು, ಕಲ್ಲಿನಂತೆಯೇ ಕಾಣುವ ಕಲ್ಲುಮೀನು, ನೆನೆಹಾಕಿದ ಮೆಂತ್ಯದ ಲೋಳೆಯಂತೆ ತೇಲುವ ಜೆಲ್ಲಿ ಮೀನು. ಹೆಚ್ಚುಕಡಿಮೆ ಎಲ್ಲವೂ ವಿಷದವು.

ನಾನಾದರೋ ಸಮುದ್ರ ನೋಡಿದವನೇ ಅಲ್ಲ. ಏಳೆಂಟು ವರ್ಷದವನಿದ್ದಾಗ ಅಪ್ಪ ನವಿಲುತೀರ್ಥದ ಡ್ಯಾಮಿಗೆ ಕರೆದುಕೊಂಡು ಹೋಗಿದ್ದ. ಆಚೆ ದಂಡೆ ಮಂಜಿನಲ್ಲಿ ಕಾಣಲಿಲ್ಲ, ಇದೇ ಸಮುದ್ರ ಅಂದುಕೊಂಡೆ. ಸಾಲೆಯಲ್ಲಿ ಎಲ್ಲರಿಗೂ ಸಮುದ್ರ ನೋಡಿ ಬಂದೆ ಎಂದು ಹೇಳಿದೆ. "ನೀರು ಉಪ್ಪಿತ್ತೇನು?" ಎಂದು ಮಾಸ್ತರರು ಕೇಳಿದರು. ಸವದತ್ತಿಯ ಕಡೆಯವರು ಇನ್ನೂ ಉಪ್ಪು ಹಾಕಿಲ್ಲ ಎಂದೆನಂತೆ. ಆ ಮಾತು ಹೇಳಿಕೊಂಡು ಅಪ್ಪ ಸಾಯುವ ತನಕ ನಕ್ಕ.

ಅಪ್ಪ ಉಪದೇಶಿ. ಸೈಕಲ್ಲಿನ ಮೇಲೆ ಊರೂರು ಸುತ್ತಿ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದ. ಕಿತ್ತೂರಿನಿಂದ ಹಿಡಿದು ಕಟಕೋಳದ ತನಕ ಅವನ ಗಾಲಿಯ ಗುರುತು ಇಲ್ಲದ ಹಾದಿ ಇರಲಿಲ್ಲ. ಒಮ್ಮೆ ನನಗೆ ಚೇಳು ಕಡಿಯಿತು. ಅವ್ವ ಉಳ್ಳಾಗಡ್ಡಿ ಅರೆದು ಹಚ್ಚುತ್ತಿದ್ದಳು, ನಾನು ನೆಲಕ್ಕೆ ಬಿದ್ದು ಹೊರಳುತ್ತಿದ್ದೆ. ಅಪ್ಪ ತಲೆಯ ಹತ್ತಿರ ಕುಳಿತು ಸಮಾಧಾನದಿಂದ ಹೇಳಿದ: "ದೇವರು ಚೇಳು ಮಾಡಿದಾಗ ಕೊಂಡಿ ಇದ್ದಿಲ್ಲ ಮಗನ. ಜಾಲಿಗೆ ಮುಳ್ಳ ಇದ್ದಿಲ್ಲ. ಮೀನಕ್ಕ ವಿಷ ಇದ್ದಿಲ್ಲ. ಆದಾಮ ತಪ್ಪಿದ, ಎಲ್ಲಾ ಕೆಟ್ಟು ಹೋತು." ಅಂದಿನಿಂದ ಮುಳ್ಳು ಚುಚ್ಚಿದರೂ ಜೇನು ಕಚ್ಚಿದರೂ ನಾನು ಬೈಯುತ್ತಿದ್ದುದು ಆದಾಮನನ್ನು, ಅದೂ ಬೈಲಹೊಂಗಲದ ಸಂತೆಯಲ್ಲಿ ಕಲಿತ ಮಾತುಗಳಲ್ಲಿ. ಸರ್ವ ಮನುಷ್ಯರ ಮೂಲಪುರುಷನನ್ನು ಅಷ್ಟು ಕೆಟ್ಟದಾಗಿ ಬೈದವರು ನಮ್ಮ ಸಭೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಆ ನಂಬಿಕೆಯನ್ನು ಎತ್ತಿಕೊಂಡೇ ನಾನು ಆ ಕೋಣೆ ಹೊಕ್ಕೆ. ಅಲ್ಲಿ ಹಿರೇಮಠ ಸರ್ ಇದ್ದರು. ಹಣೆಯ ತುಂಬ ವಿಭೂತಿ, ಬೋರ್ಡಿನ ತುಂಬ ಜೀವವಿಕಾಸ. ಹನ್ನೊಂದು ಗಂಟೆಗೆ ಚಹಾ ತರಿಸಿ, ಭರಣಿ ಒರೆಸುತ್ತಿದ್ದ ನನ್ನನ್ನು ಕೆಣಕುವುದು ಅವರ ದಿನಚರಿ.

"ದಾನಪ್ಪ, ನಿಮ್ಮ ದೇವರಿಗೆ ಆರ ದಿವಸದಾಗ ಮುಗಸೂ ಅವಸರ ಏನಿತ್ತೋ?"

"ನಿಮಗ ಕೋಟಿ ವರ್ಷ ಯಾಕ ಬೇಕಾತ್ರಿ ಸರ? ನಿಮ್ಮವ್ರು ಸಾವಕಾಶ ಮಾಡೂ ಮಂದಿ."

ಅವರೇ ನನಗೆ ಒಂದೊಂದು ಜೀವಿಯ ಕಥೆ ಹೇಳಿದವರು. ಜೆಲ್ಲಿ ಮೀನಿಗೆ ತಲೆಯಿಲ್ಲ, ಮಿದುಳಿಲ್ಲ, ಎಲುಬಿಲ್ಲ. ಆದರೆ ಅದರ ಒಂದೊಂದು ಎಳೆಯಲ್ಲೂ ಸಾವಿರಾರು ಸಣ್ಣ ಚೀಲ, ಚೀಲದೊಳಗೆ ಸುತ್ತಿಟ್ಟ ದಾರ, ದಾರದ ತುದಿಗೆ ಮುಳ್ಳು. ಮುಟ್ಟಿದರೆ ಕಣ್ಣು ಮಿಟುಕಿಸುವುದರೊಳಗೆ ಚಿಮ್ಮುತ್ತದೆ. ಕಲ್ಲುಮೀನಿನ ಬೆನ್ನಿನ ಒಂದೊಂದು ಮುಳ್ಳಿಗೂ ವಿಷದ ಚೀಲ. ಕೇಳುತ್ತ ಕೇಳುತ್ತ ನನಗೆ ಹಾಡಬೇಕು ಅನ್ನಿಸುತ್ತಿತ್ತು. ಇಷ್ಟು ಸೂಕ್ಷ್ಮ ಕಸಬು, ಕಸಬುದಾರನಿಲ್ಲದೆ ಹೇಗೆ ಸಾಧ್ಯ?

ಸರ್ ಕಪ್ಪು ಕೆಳಗಿಟ್ಟು ಹೇಳಿದರು: "ಆತಪಾ, ಅವನೇ ಮಾಡಿದ ಅಂತ ಇಟಗೊಳ್ಳೂಣು. ಹಣ್ಣ ತಿಂದವರು ಇಬ್ಬರು ಮನಷ್ಯಾರು. ಸಮುದ್ರದ ತಳದಾಗ ತನ್ನಷ್ಟಕ್ಕ ತಾ ಕುಂತ ಮೀನ ಏನ ತಪ್ಪು ಮಾಡಿತ್ತೊ? ಅದನ್ಯಾಕ ವಿಷದ ಮುದ್ದಿ ಮಾಡಿದ?"

"ರಾಜ ತಪ್ಪಿದ್ರ ರಾಜ್ಯಾನ ಕೆಡತೈತ್ರಿ ಸರ."

ಅವರು ನಕ್ಕು, "ಕಿತ್ತೂರ ನಾಡಿನವ ಅನ್ನಿಸಿದಿ ನೋಡು," ಎಂದರು. ನಾನು ಆ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ತಿರುಗಿದೆ. ಸಭೆಯಲ್ಲಿ ಹೇಳಿದೆ, ಮದುವೆ ಮನೆಯಲ್ಲಿ ಹೇಳಿದೆ. ಒಂದು ವರ್ಷವಂತೂ ಸರ್ ಅವರ ಪರವಾನಗಿ ತೆಗೆದುಕೊಂಡು ಕಲ್ಲುಮೀನಿನ ಭರಣಿಯನ್ನೇ ಸಂಡೇ ಸ್ಕೂಲಿಗೆ ಹೊತ್ತೊಯ್ದೆ. ಸೃಷ್ಟಿಯ ಐದನೇ ದಿನದ ಪಾಠ. ಭರಣಿ ಎತ್ತಿ ಹಿಡಿದು, ಇದು ಮೊದಲು ಮಕ್ಕಳ ಕೈಯಲ್ಲಿ ಆಡುವ ಮೀನಾಗಿತ್ತು ಎಂದೆ. ಮುಂದೆ ಒಂದು ಕೂಟದಲ್ಲಿ ಬಣ್ಣದ ಚಿತ್ರಗಳ ಸಣ್ಣ ಪುಸ್ತಿಕೆ ಸಿಕ್ಕಿತು. ಅದರಲ್ಲಿ ಬೇರೆಯೇ ಮಾತು: ವಿಷ ಅನ್ನುವುದು ಶಾಪದ ಮೊದಲೂ ಇತ್ತು, ಆದರೆ ಆಗ ಅದು ಔಷಧವಾಗಿತ್ತು, ಈಗಲೂ ಅದರೊಳಗೆ ದೇವರ ಒಳ್ಳೆಯತನ ಅಡಗಿ ಕುಳಿತಿದೆ. ಅಪ್ಪ ವಿಷ ಇರಲೇ ಇಲ್ಲ ಅನ್ನುತ್ತಿದ್ದ, ಪುಸ್ತಿಕೆ ಇತ್ತು ಅನ್ನುತ್ತಿತ್ತು. ನಾನು ಎರಡನ್ನೂ ನಂಬಿದೆ, ಸರ್ ಮುಂದೆಯೂ ಹೇಳಿದೆ. ಎರಡು ಎತ್ತು ಎರಡು ದಿಕ್ಕಿಗೆ ಜಗ್ಗಿದರೂ ಬಂಡಿ ಮುಂದೆ ಹೋಗುತ್ತದೆ ಎಂದು ನಂಬುವ ಜಾತಿಯವನು ನಾನು.

ನನ್ನ ಹೆಂಡತಿ ಎಸ್ತೇರ ಈ ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ, ನನ್ನ ಬಾಯಿ ಒಂದೇ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ನಡುನಡುವೆ "ಹೂಂ" ಅನ್ನುವುದು ರೊಟ್ಟಿಗೋ ನನಗೋ ತಿಳಿಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವಳಿಗೆ ಬೆನ್ನು ನೋವು ಶುರುವಾಯಿತು. ಹಿಟ್ಟಿನ ಡಬ್ಬಿ ಎತ್ತಿದ್ದಕ್ಕೆ ಇರಬೇಕು ಎಂದಳು. ಎಣ್ಣೆ ತಿಕ್ಕಿದೆವು, ಬಿಸಿ ಇಟ್ಟೆವು. ಬೆಳಗಾವಿಗೆ ಹೋಗುವಷ್ಟರಲ್ಲಿ ಕ್ಯಾನ್ಸರಿನ ಗಡ್ಡೆ ಎಲುಬಿಗೆ ಇಳಿದಿತ್ತು. ನಾಲ್ಕಾರು ತಿಂಗಳು ಓಡಾಡಿದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನ ಮನ್ಯಾಗ ಇಟ್ಟುಕೊಂಡು ನೋವಾಗಧಂಗ ನೋಡಿಕೋರಿ," ಎಂದರು. ನೋವಿನ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ಎಲ್ಲ ಅಂಗಡಿಯಲ್ಲಿ ಸಿಗುವಂಥದಲ್ಲ. ಅವರದೇ ಚೀಟಿ ಹಿಡಿದು ಬೆಳಗಾವಿಗೇ ಹೋಗಬೇಕು. ತಂದು ಹೊತ್ತು ಹೊತ್ತಿಗೆ ಕೊಟ್ಟರೆ ಅವಳು ಸ್ವಲ್ಪ ಮಲಗುತ್ತಿದ್ದಳು. ನೋವು ಪೂರಾ ಹೋಗುತ್ತಿರಲಿಲ್ಲ, ಆದರೆ ಮಲಗುತ್ತಿದ್ದಳು.

ಒಂದು ದಿನ ಹಿರೇಮಠ ಸರ್ ನೋಡಲು ಬಂದರು. ನಿವೃತ್ತರಾಗಿ ಧಾರವಾಡದಲ್ಲಿ ಇದ್ದವರು, ಬಸ್ಸಿನಲ್ಲಿ ಬಂದಿದ್ದರು. ಎಸ್ತೇರಳ ಹತ್ತಿರ ಸ್ವಲ್ಪ ಹೊತ್ತು ಕುಳಿತು, ಏನು ಮಾತಾಡಬೇಕೋ ತಿಳಿಯದೆ ನನ್ನ ಕಡೆ ತಿರುಗಿದರು.

"ದಾನಪ್ಪ, ಮ್ಯೂಸಿಯಮ್ಮಿನಾಗ ಒಂದು ಕೋನ್ ಶಂಖ ಇತ್ತಲ್ಲ, ವಿಷದ ಮುಳ್ಳ ಚುಚ್ಚಿ ಮೀನ ಹಿಡಿಯೂದು, ನೆನಪೈತೇನು? ಅಂಥಾದ ಒಂದು ಶಂಖದ ವಿಷದಿಂದ ಹೊರದೇಶದಾಗ ನೋವಿನ ಔಷಧ ಮಾಡ್ಯಾರ. ಬ್ಯಾರೆ ಔಷಧಕ್ಕ ಬಗ್ಗಲಾರದ ನೋವಿಗೆ. ನಿನ್ನ ಪುಸ್ತಿಕಿ ಮಾತು ಅಷ್ಟರಮಟ್ಟಿಗೆ ಖರೆ ಆತು ನೋಡಪಾ."

ಪಾಪ, ನನ್ನ ಸಮಾಧಾನಕ್ಕೆ ಹೇಳಿದರು. ಮೂವತ್ತು ವರ್ಷ ವಾದ ಮಾಡಿದವರು ಒಂದು ವಾದವನ್ನು ಬಿಟ್ಟುಕೊಟ್ಟರು, ರೋಗಿಯ ಮನೆಗೆ ಹಣ್ಣು ತಂದ ಹಾಗೆ. ನಾನು ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಅವರು ಬಸ್ಸು ಹತ್ತುವ ಮೊದಲೇ ನನ್ನ ತಲೆಯಲ್ಲಿ ಎಲ್ಲ ಕೂಡಿಕೊಂಡಿತ್ತು. ಐದನೇ ದಿನ ದೇವರು ಸಮುದ್ರದ ತಳದಲ್ಲಿ ಒಂದು ಶಂಖದೊಳಗೆ ನನ್ನ ಎಸ್ತೇರಳ ಔಷಧ ಮುಚ್ಚಿಟ್ಟಿದ್ದಾನೆ. ಅದರ ಚೀಟಿ ಬರೆಯುವ ಕೆಲಸಕ್ಕೆ ನನ್ನನ್ನೇ ಹಚ್ಚಿದ್ದಾನೆ. ಇನ್ನೇನು ಸಾಕ್ಷಿ ಬೇಕು?

ಮರುದಿನವೇ ಬೆಳಗಾವಿಗೆ ಹೋದೆ. ಡಾಕ್ಟರು ತಾಳ್ಮೆಯಿಂದ ಕೇಳಿದರು. ಅಂಥ ಔಷಧ ಇರುವುದು ಹೌದು ಎಂದರು. ಆದರೆ ಇಲ್ಲಿ ಸಿಗುವುದಿಲ್ಲ; ಸಿಕ್ಕರೂ ಬೆನ್ನುಹುರಿಯ ಹತ್ತಿರ ನಳಿಕೆ ಕೂಡಿಸಿ ಬಿಡಬೇಕು, ಇವರ ದೇಹ ಅದನ್ನು ತಡೆಯುವುದಿಲ್ಲ. "ಗುಳಗಿ ತಪ್ಪಸಬ್ಯಾಡ್ರಿ, ಅಷ್ಟ ಮಾಡ್ರಿ," ಎಂದರು. ಬರುವಾಗ ನಾಲ್ಕು ಔಷಧದ ಅಂಗಡಿಗಳಲ್ಲಿ ಕೇಳಿದೆ. ಒಬ್ಬ ಶಂಖಪುಷ್ಪಿ ಎಣ್ಣೆ ತೋರಿಸಿದ.

ಮನೆಗೆ ಬಂದು ಎಸ್ತೇರಳಿಗೆ ಎಲ್ಲವನ್ನೂ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಅಂದಳು: "ಅಷ್ಟು ದೂರ ಯಾಕ ಇಟ್ಟನ್ರಿ? ಇಲ್ಲೆ ಎಲ್ಲೆರೆ ಬೇಲ್ಯಾಗ ಇಟ್ಟಿದ್ರ ಆಗತಿದ್ದಿಲ್ಲೇನು?"

ಎಲ್ಲದಕ್ಕೂ ಉತ್ತರ ಇದ್ದವನಿಗೆ ಉತ್ತರ ಇಲ್ಲದಾಗ ಏನಾಗುತ್ತದೆ ಗೊತ್ತೇ? ಹುಚ್ಚು ಹಿಡಿಯುತ್ತದೆ. ಆಗಿನ್ನೂ ನೌಕರಿಯಲ್ಲಿದ್ದೆ; ಮರುದಿನ ಮುಂಜಾನೆ ಕಾಲೇಜಿಗೆ ಹೋಗಿ ಕಪಾಟು ತೆರೆದು ಆ ಶಂಖ ತೆಗೆದೆ. ಭರಣಿಯದಲ್ಲ, ಹತ್ತಿಯ ಮೇಲೆ ಇಟ್ಟ ಒಣ ಶಂಖ; ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮೈತುಂಬ ಇಳಕಲ್ ಸೀರೆಯ ಸೆರಗಿನಂಥ ಗೆರೆ. ಅದರೊಳಗಿನ ಹುಳ ಸತ್ತು ನಾನು ಹುಟ್ಟುವ ಮೊದಲೇ ಎಷ್ಟೋ ವರ್ಷವಾಗಿತ್ತು. ವಿಷ ಇದ್ದದ್ದು ಆ ಹುಳದಲ್ಲಿ, ಚಿಪ್ಪಿನಲ್ಲಿ ಅಲ್ಲ. ಇದು ನನಗೆ ಗೊತ್ತಿತ್ತು. ಬಿ.ಎಸ್ಸಿ. ಹುಡುಗರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆದರೂ ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ.

ಬೆಳವಲದಲ್ಲಿ ಮಕ್ಕಳಿಗೆ ಬಜಿ ತೇಯ್ದು ಕುಡಿಸುವ ಕಲ್ಲು ಇರುತ್ತದಲ್ಲ, ಅವ್ವ ನನಗೆ ಕುಡಿಸಿದ ಅದೇ ಕಲ್ಲಿನ ಮೇಲೆ ಹನಿ ನೀರು ಹಾಕಿ ತೇಯ್ದೆ. ಬೆಳ್ಳಗೆ ಬಂತು. ಜೇನಿನಲ್ಲಿ ಕಲೆಸಿ, ಪ್ರಾರ್ಥನೆ ಮಾಡಿ, ಅವಳ ತುಟಿಗೆ ಹಚ್ಚಿದೆ. ಅವಳು ನನ್ನ ಮುಖ ನೋಡಿದಳು. "ಏನ್ರಿ ಇದು?" "ಔಷಧ." "ಸುಣ್ಣದಂಗ ಐತಿ," ಎಂದು ನುಂಗಿದಳು.

ಸಂಜೆ ಕೇಳಿದೆ, ಹೇಗಿದೆ ಎಂದು. "ಹಗರ ಆಗೇತ್ರಿ," ಎಂದಳು. ಗುಳಿಗೆ ತಂದರೆ ಕೈ ಅಡ್ಡ ಹಿಡಿದಳು. "ಇವತ್ತ ಬ್ಯಾಡ್ರಿ. ಬೇಕನಸವಲ್ಲದು."

ಮರುದಿನವೂ ಬೇಡ ಎಂದಳು. ಅದರ ಮರುದಿನವೂ. ಶಂಖದ ಒಂದು ಮಗ್ಗುಲಿನ ಗೆರೆಯೆಲ್ಲ ಸವೆದು ಬೆಳ್ಳಗಾಯಿತು. ನಾಲ್ಕನೇ ದಿನ ಆದಿತ್ಯವಾರ. ನಮ್ಮದು ಇಪ್ಪತ್ತು ಮನೆಗಳ ಸಣ್ಣ ಸಭೆ. ಸಾಕ್ಷಿ ಹೇಳುವವರು ಮುಂದೆ ಬರಬೇಕು ಎಂದು ಸಭಾಪಾಲಕರು ಅಂದಾಗ ನಾನು ಎಲ್ಲರಿಗಿಂತ ಮೊದಲು ಎದ್ದೆ. ಸಮುದ್ರ, ಶಂಖ, ಶಾಪ, ಔಷಧ ಎಲ್ಲವನ್ನೂ ಹೇಳಿದೆ. "ನಾಕ ದಿವಸಾತು, ಗುಳಗಿ ಮುಟ್ಟಿಲ್ಲ ಆಕಿ," ಎಂದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಲ್ಲರೂ ಎದ್ದು ನಿಂತು ಸ್ತೋತ್ರ ಹೇಳಿದರು. ನನ್ನ ಇಡೀ ಆಯುಷ್ಯದಲ್ಲಿ ನನ್ನ ಮಾತನ್ನು ಜನ ಅಷ್ಟು ಕಿವಿಗೊಟ್ಟು ಕೇಳಿದ್ದು ಅದೊಂದೇ ಸಲ.

ಆ ಸಂತೋಷ ತಡೆಯಲಾರದೆ ಆಶೀರ್ವಾದದ ತನಕ ನಿಲ್ಲಲಿಲ್ಲ. ಅವಳಿಗೆ ಹೇಳಬೇಕೆಂದು ದೌಡಾಯಿಸಿ ಮನೆಗೆ ಬಂದೆ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಒಂದು ಸಪ್ಪಳ ಕೇಳಿಸಿತು. ಆಕಳು ಈಯುವಾಗ ಮಾಡುವಂಥ ಸಪ್ಪಳ, ಆದರೆ ಬಾಯಿಗೆ ಬಟ್ಟೆ ಕಟ್ಟಿದಂತೆ. ನನ್ನ ಕೈ ಚಿಲಕಕ್ಕೆ ತಾಗಿ ಸದ್ದಾಯಿತು. ಒಳಗೆ ಥಟ್ಟನೆ ಎಲ್ಲ ನಿಂತಿತು.

ಹೋಗಿ ನೋಡಿದರೆ ಟವೆಲ್ಲನ್ನು ದಿಂಬಿನ ಕೆಳಗೆ ತುರುಕುತ್ತಿದ್ದಳು. ಟವೆಲ್ಲಿನ ಒಂದು ಮೂಲೆ ತೊಯ್ದು, ಹರಿದು, ಹಲ್ಲಿನ ಗುರುತು ಬಿದ್ದಿತ್ತು. ಮುಖದ ಮೇಲೆ ಬೆವರು. "ಲಗೂ ಬಂದ್ರಿ," ಎಂದು ನಗಲು ನೋಡಿದಳು.

"ನಾಕ ದಿವಸಾನೂ ಹಿಂಗನ?" ಎಂದು ಕೇಳಿದೆ.

ಅವಳು ದಿಂಬನ್ನು ಇನ್ನಷ್ಟು ಒತ್ತಿ ಹಿಡಿದಳು.

"ಯಾಕ ಹೇಳಲಿಲ್ಲ ನನಗ?"

"ಕಲ್ಲ ಮುಂದ ಕುಂತು ತೇಯಾಕ ಹತ್ತಿದ್ರಿ. ನಿಮ್ಮ ಮುಖ ನೋಡಿ ಹೆಂಗ ಹೇಳ್ಲಿ?" ಎಂದಳು. ಆಮೇಲೆ, ಬೇರೆ ಯಾರದೋ ಸುದ್ದಿ ಕೇಳುವವಳಂತೆ, "ಸಭ್ಯಾಗ ಹೇಳಿದ್ರೇನು?" ಎಂದಳು.

"ಹೇಳಿದೆ."

"ಹಂಗಾರ ಇರ್ಲಿ ಬಿಡ್ರಿ. ಇನ್ನ ಗುಳಗಿ ಕೊಡ್ರಿ ಒಂದು."

ಕೊಟ್ಟೆ. ಅಂದಿನಿಂದ ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ಆ ನಾಲ್ಕು ದಿನ ಅವಳಿಗೆ ಮರಳಿ ಕೊಡಲು ನನ್ನಿಂದ ಆಗಲಿಲ್ಲ. ಇಪ್ಪತ್ತಾರು ದಿನಗಳ ಮೇಲೆ, ಒಂದು ಮಧ್ಯಾಹ್ನ, ನಾನು ನೀರು ತರಲು ಒಳಗೆ ಹೋದಾಗ ಅವಳು ಹೋದಳು.

ಮಣ್ಣಿಗೆ ಹಿರೇಮಠ ಸರ್ ಬಂದಿದ್ದರು. ಎಲ್ಲರೂ ಹೋದ ಮೇಲೆ ಕಟ್ಟೆಯ ಮೇಲೆ ಕುಳಿತೆವು. ನಾನು ಶಂಖ ತೇಯ್ದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಶಂಖದ ಮಾತು ನಾ ತೆಗೀಬಾರದಿತ್ತೊ," ಎಂದರು. ನಾನು ಅವರಿಗೆ ಒಂದು ವಿಷಯ ಹೇಳಿದೆ, ಇಷ್ಟು ದಿನ ನನಗೇ ಹೊಳೆಯದೆ ಇದ್ದದ್ದು. ಶಾಪ ಅಂದರೆ ಕೆಡುವುದು ಅಲ್ಲವೇ ಸರ್? ಶಾಪ ತಟ್ಟಿದ ಹೊಲ ಬಂಜರಾಗುತ್ತದೆ, ಶಾಪ ತಟ್ಟಿದ ಮನೆ ಬೀಳುತ್ತದೆ. ಆದರೆ ಆ ಜೆಲ್ಲಿ ಮೀನಿನ ದಾರ ಕೆಟ್ಟದ್ದಲ್ಲ, ಮುರಿದದ್ದಲ್ಲ. ಸುತ್ತಿ, ಮಡಚಿ, ತುದಿಗೆ ಮುಳ್ಳಿಟ್ಟು ಮಾಡಿದ ಕೆಲಸ ಅದು. ಅಷ್ಟು ನಯವಾಗಿ ಯಾರು ಕೆಡಿಸುತ್ತಾರೆ? ನಾನು ಮೂವತ್ತು ವರ್ಷ ಅದನ್ನೇ ತೋರಿಸಿ ದೇವರಿದ್ದಾನೆ ಎಂದೆ. ಇದ್ದಾನೆ ಸರ್, ಈಗಲೂ ಅದೇ ನಂಬಿಕೆ. ಅದೇ ನನಗೆ ಅಂಜಿಕೆ.

ಅವರು ವಾದ ಮಾಡಲಿಲ್ಲ. ಅವರು ವಾದ ಮಾಡಿದ್ದರೆ ಚೆನ್ನಾಗಿತ್ತು.

ಸಭೆಯಲ್ಲಿ ಮಾತ್ರ ನಾನು ಖರೆ ಹೇಳಲಿಲ್ಲ. ಪ್ರತಿ ಆದಿತ್ಯವಾರ ಹೇಳಬೇಕೆಂದು ಹೋಗುತ್ತೇನೆ, ಹಾಡಿ ಬರುತ್ತೇನೆ. ಸಭೆಯವರಾದರೋ ಆ ಸಾಕ್ಷಿಯನ್ನು ತಮ್ಮ ಬೀಗರಿಗೆ ಹೇಳಿದ್ದಾರೆ, ಬೀಗರು ತಮ್ಮ ನೆರೆಯವರಿಗೆ. ನೋವಿಲ್ಲದೆ ಹೋದಳಂತೆ ಎಂಬ ಮಾತು ರಾಮದುರ್ಗ ದಾಟಿದೆ.

ಹೀಗಾಗಿ ಹೋದ ತಿಂಗಳು ನಮ್ಮ ಮನೆಯ ಮುಂದೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ಇಳಿದವನು ನಲವತ್ತರ ಆಸುಪಾಸಿನವನು, ಕಟಕೋಳದವನು, ಹೆಸರು ದಾವಲಸಾಬ. ಉಳ್ಳಾಗಡ್ಡಿ ಹೇರಿಕೊಂಡು ಬೈಲಹೊಂಗಲದ ಮಾರ್ಕೆಟ್ಟಿಗೆ ಬಂದಿದ್ದನಂತೆ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಕುಂತ್ರಿ ಅಂದರೂ ಕುಳಿತುಕೊಳ್ಳಲಿಲ್ಲ.

"ನಮ್ಮ ಅಮ್ಮಿಗೆ ಎಲುಬಿಗೆ ಗಡ್ಡಿ ಇಳದೈತ್ರಿ. ನಿಮ್ಮಲ್ಲೆ ಸಮುದ್ರದ ಶಂಖದ ಪುಡಿ ಐತಂತ ಕೇಳಿದ್ನಿ. ಒಂದೀಟು ಕೊಡ್ರಿ."

ಇಲ್ಲ ಎಂದೆ. ಅಂಥ ಪುಡಿ ಏನೂ ಇಲ್ಲ, ಅದು ಬರೀ ಸುಣ್ಣ ಎಂದೆ. ಅವನು ನಂಬಲಿಲ್ಲ. ಕೈ ಜೋಡಿಸಿದ.

"ನಾವು ಬ್ಯಾರೆ ಮಂದಿ ಅಂತ ಇಲ್ಲನ್ನಬ್ಯಾಡ್ರಿ. ನಿಮಗ ಕೊಟ್ಟ ದೇವರು ನಮಗ ಕೊಡೂದಿಲ್ಲೇನ್ರಿ?"

ಆಗ ನಾನು ಅವನನ್ನು ಕೈ ಹಿಡಿದು ಕೂರಿಸಿ, ಸಭೆಗೆ ಹೇಳದೆ ಇದ್ದದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಕಲ್ಲು, ಜೇನು, ಹಗರ ಆಗೇತಿ ಎಂಬ ಅವಳ ಮಾತು, ಟವೆಲ್ಲು, ಚಿಲಕದ ಸದ್ದಿಗೆ ಅವಳು ಸುಮ್ಮನಾದದ್ದು. ಹೇಳುವಾಗ ಎದೆ ಹಗುರವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಬೆಳಗಾವಿಯ ಡಾಕ್ಟರ ವಿಳಾಸವನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಗುಳಿಗೆ ತಪ್ಪಿಸಬೇಡ, ಬೇರೆ ಯಾವುದನ್ನೂ ನಂಬಬೇಡ ಎಂದೆ.

ದಾವಲಸಾಬ ಚೀಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ದಿನಾ ಸಂಜಿಕೆ ನಾ ಗಾಡಿ ಹಚ್ಚಿ ಒಳಗ ಹೋಗೂದ್ರಾಗ ಅಮ್ಮಿ ಎದ್ದು ಕುಂತಿರತಾಳ್ರಿ," ಎಂದ. "ಇವತ್ತ ಕಡಿಮಿ ಐತಿ ಬೇಟಾ ಅಂತಾಳ. ದಿನಾ ಹಂಗ ಅಂತಾಳ." ಚೀಟಿಯನ್ನು ಜೇಬಿಗೆ ಹಾಕಿದ. "ಗಾಡಿ ಸಪ್ಪಳ ದೂರಿಂದ ಕೇಳತೈತಿ ಅಲ್ರಿ?"

ಅವನ ಹತ್ತಿರ ಇದ್ದ ಒಂದೇ ಒಂದು ಸಮಾಧಾನವನ್ನು ನಾನು ಈಗಷ್ಟೇ ಕಸಿದುಕೊಂಡಿದ್ದೆ, ನನ್ನ ಎದೆಯ ಭಾರ ಇಳಿಸಿಕೊಳ್ಳಲು.

"ಬರತೇನ್ರಿ," ಎಂದು ಎದ್ದ. ಚಪ್ಪಲಿ ಹಾಕಿಕೊಂಡ. ಗಾಡಿಯ ಬಾಗಿಲು ತೆರೆದು ಮುಚ್ಚಿದ ಸದ್ದು ಬಂತು. ನಾನು ಒಳಗೆ ಕುಳಿತು ಎಂಜಿನ್ ಶುರುವಾಗುವುದನ್ನು ಕಾಯುತ್ತಿದ್ದೆ. ಬಹಳ ಹೊತ್ತಿನ ತನಕ ಅದು ಶುರುವಾಗಲಿಲ್ಲ.